ವುಡಿಯ ಕಾಯಿಲೆಗೊಂದು ಹೆಸರು

2016ರ ಸಾಹಿತ್ಯ ನೊಬೆಲ್ ಯಾರಿಗೆ ಬಂತು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನೇ ಕೇಳಿ, ಬಾಬ್ ಡಿಲನ್ ಎಂದು ಥಟ್ಟನೆ ಹೇಳುತ್ತೇವೆ. ಒಂದು ಅಂಕ ಬಂತು, ಮುಂದಿನ ಪ್ರಶ್ನೆ. ಎರಡು ವರ್ಷದ ಹಿಂದೆ ನಮ್ಮೂರ ಗ್ರಂಥಾಲಯದಲ್ಲಿ ಕುಳಿತು ನೋಟ್ಸ್ ಮಾಡುತ್ತಿದ್ದಾಗ ನಾನು ಆ ಒಂದು ಅಂಕದ ಆಚೆಗೂ ಸ್ವಲ್ಪ ಇಣುಕಿದೆ. ಡಿಲನ್ ಯಾರನ್ನು ಗುರು ಎಂದುಕೊಂಡಿದ್ದ ಎಂದು ಮೊಬೈಲಿನಲ್ಲಿ ಹುಡುಕಿದೆ. ವುಡಿ ಗಥ್ರಿ ಎಂಬ ಹೆಸರು ಸಿಕ್ಕಿತು. ಅವನ ಬಗ್ಗೆ ಓದುತ್ತಾ ಹೋದವಳು ಒಂದು ಪದದ ಬಳಿ ಬಂದು ನಿಂತುಬಿಟ್ಟೆ. ಹಂಟಿಂಗ್ಟನ್.

ಅದೇ ಪದ ನಮ್ಮ ಮನೆಯ ಬೀರುವಿನಲ್ಲಿ, ಸೋದರಮಾವನ ಆಸ್ಪತ್ರೆ ಫೈಲಿನಲ್ಲಿ ಇತ್ತು.

ನನ್ನ ಮಾವ ಟೈಲರ್. ಬಸ್ ಸ್ಟ್ಯಾಂಡಿನ ಎದುರು ಸಣ್ಣ ಅಂಗಡಿ. ಹಬ್ಬದ ಸಮಯದಲ್ಲಿ ರಾತ್ರಿ ಎರಡು ಗಂಟೆಯವರೆಗೂ ಅವನ ಮಿಷನ್ ಸದ್ದು ಕೇಳಿಸುತ್ತಿತ್ತು. ನನ್ನ ಶಾಲೆಯ ಯೂನಿಫಾರ್ಮ್‌ಗಳನ್ನೆಲ್ಲ ಹೊಲಿದವನು ಅವನೇ. ನಲವತ್ತು ದಾಟಿದ ಮೇಲೆ ಅವನ ಕೆಲಸ ಕೆಡತೊಡಗಿತು. ಅಳತೆ ತೆಗೆದುಕೊಳ್ಳುವ ಮೊದಲೇ ಬಟ್ಟೆಗೆ ಕತ್ತರಿ ಹಾಕುತ್ತಿದ್ದ. ಒಬ್ಬರ ಬ್ಲೌಸಿಗೆ ಇನ್ನೊಬ್ಬರ ತೋಳು ಕೂರಿಸುತ್ತಿದ್ದ. ಕೇಳಲು ಹೋದವರ ಮೇಲೆ ರೇಗುತ್ತಿದ್ದ. ಅದಾಗಿ ಒಂದೆರಡು ವರ್ಷಕ್ಕೆ ಭುಜ ತಾನಾಗಿ ಕುಣಿಯತೊಡಗಿತು, ನಡಿಗೆ ತೂರಾಡತೊಡಗಿತು. ಕುಡಿತ ಜಾಸ್ತಿಯಾಗಿದೆ ಎಂದು ಊರವರು ತೀರ್ಮಾನಿಸಿದರು. ಮಾವ ಹೆಂಡ ಮುಟ್ಟಿದವನೇ ಅಲ್ಲ.

ಒಂದು ಸಂಜೆ ಕಾಲೇಜಿನ ಗೆಳತಿಯರ ಜೊತೆ ಬಸ್ಸಿಗೆ ಕಾಯುತ್ತಿದ್ದೆ. ಮಾವ ತೂರಾಡಿಕೊಂಡು ನನ್ನ ಕಡೆಗೇ ಬರುತ್ತಿದ್ದ. ಗೆಳತಿಯೊಬ್ಬಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮುಖ ಆ ಕಡೆ ತಿರುಗಿಸಿ, ಅವನು ಯಾರೋ ಎಂಬಂತೆ ಬಸ್ ಹತ್ತಿಬಿಟ್ಟೆ. ಆ ಸಂಜೆಯ ಋಣ ನನ್ನ ಮೇಲಿದೆ. ವುಡಿಯ ಕಥೆಯನ್ನು ನಿಮಗೆ ಹೇಳಲು ಹೊರಟಿರುವುದು ಅದಕ್ಕಾಗಿಯೇ. ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಬೇಸರ ಬೇಡ. ಎರಡು ವರ್ಷದಲ್ಲಿ ಅಷ್ಟು ಸಲುಗೆ ಬೆಳೆದಿದೆ.

ಅಮ್ಮನಿಗೆ ಏನಾಗಿತ್ತು?

ವುಡ್ರೋ ವಿಲ್ಸನ್ ಗಥ್ರಿ ಹುಟ್ಟಿದ್ದು 1912ರ ಜುಲೈ 14ರಂದು, ಅಮೆರಿಕದ ಓಕ್ಲಹೋಮ ರಾಜ್ಯದ ಓಕೀಮಾ ಎಂಬ ಪುಟ್ಟ ಊರಿನಲ್ಲಿ. ಆ ವರ್ಷ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ವುಡ್ರೋ ವಿಲ್ಸನ್ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಅಪ್ಪ ಚಾರ್ಲಿ ಜಮೀನಿನ ವ್ಯವಹಾರ, ಊರ ರಾಜಕೀಯ ಎಂದು ಓಡಾಡುತ್ತಿದ್ದವರು. ಅಮ್ಮ ನೋರಾ ಬೆಲ್ ಮಕ್ಕಳಿಗೆ ಹಳೆಯ ಲಾವಣಿಗಳನ್ನು ಹಾಡಿ ಕೇಳಿಸುತ್ತಿದ್ದವಳು. ವುಡಿಯ ಮೊದಲ ಹಾಡಿನ ಮೇಷ್ಟ್ರು ಅವಳೇ.

ಆ ಅಮ್ಮ ನಿಧಾನವಾಗಿ ಬೇರೆಯೇ ಹೆಂಗಸಾಗುತ್ತಾ ಬಂದಳು. ಮನೆಗೆಲಸದಲ್ಲಿ ಎಡವಟ್ಟು, ಇದ್ದಕ್ಕಿದ್ದಂತೆ ಸಿಟ್ಟು, ಆಮೇಲೆ ದಿನಗಟ್ಟಲೆ ಮೌನ. ಕೈಕಾಲುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. 1919ರಲ್ಲಿ ವುಡಿಯ ಅಕ್ಕ ಕ್ಲಾರಾ ಸುಟ್ಟಗಾಯಗಳಿಂದ ತೀರಿಕೊಂಡಳು. 1927ರಲ್ಲಿ ಅಪ್ಪನಿಗೂ ಬೆಂಕಿ ತಗುಲಿ ಮೈ ಸುಟ್ಟಿತು. ಊರಿನ ಬಾಯಿ ಕೇಳಬೇಕೆ? ಎಲ್ಲ ಬೆರಳೂ ನೋರಾಳ ಕಡೆಗೇ ತಿರುಗಿದವು. ಆಕೆಯನ್ನು ನಾರ್ಮನ್ ಎಂಬ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1930ರಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಅಮ್ಮ ಆಸ್ಪತ್ರೆ ಸೇರಿದಾಗ ವುಡಿ ಇನ್ನೂ ಹದಿಹರೆಯದ ಹುಡುಗ. ಅವನ ಪಾಲಿಗೆ ಉಳಿದದ್ದು ಅಮ್ಮನ ಹಾಡುಗಳು ಮತ್ತು ಹುಚ್ಚಿಯ ಮಗ ಎಂಬ ಊರಿನ ನೋಟ.

ಇಲ್ಲಿ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ನೋರಾಳ ಕಾಯಿಲೆ ವೈದ್ಯಲೋಕಕ್ಕೆ ಹೊಸದೇನೂ ಆಗಿರಲಿಲ್ಲ. ಜಾರ್ಜ್ ಹಂಟಿಂಗ್ಟನ್ ಎಂಬ ವೈದ್ಯ ಅದನ್ನು 1872ರಲ್ಲೇ ಸ್ಪಷ್ಟವಾಗಿ ವಿವರಿಸಿ ಬರೆದಿದ್ದರು. ಆಗ ಅವರ ವಯಸ್ಸು 22. ಆಗಷ್ಟೇ ಡಿಗ್ರಿ ಮುಗಿಸಿದ ಹುಡುಗ! ಅವರ ಅಪ್ಪ, ತಾತ ಇಬ್ಬರೂ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ವೈದ್ಯರಾಗಿದ್ದವರು. ಅದೇ ಕುಟುಂಬಗಳನ್ನು ಮೂರು ತಲೆಮಾರು ನೋಡಿದ್ದರಿಂದ ಅವರಿಗೆ ಒಂದು ಸತ್ಯ ಹೊಳೆಯಿತು. ಈ ಕಾಯಿಲೆ ಅಪ್ಪ ಅಥವಾ ಅಮ್ಮನಿಂದ ಮಕ್ಕಳಿಗೆ ಇಳಿಯುತ್ತದೆ. ಮಗುವಿಗೆ ಇಳಿಯದಿದ್ದರೆ ದಾರ ಅಲ್ಲಿಗೆ ತುಂಡಾಯಿತು, ಮೊಮ್ಮಕ್ಕಳಿಗೆ ಅದು ಬರುವುದಿಲ್ಲ. ದೊಡ್ಡವರಾದ ಮೇಲೆ ಶುರುವಾಗುತ್ತದೆ, ಮೈಯನ್ನು ಕುಣಿಸುತ್ತದೆ, ಬುದ್ಧಿಯನ್ನೂ ಕೆಡಿಸುತ್ತದೆ. ಇಷ್ಟೆಲ್ಲ ಅಚ್ಚಾಗಿ ಐವತ್ತೈದು ವರ್ಷವಾದ ಮೇಲೂ ಓಕೀಮಾದ ಜನರಿಗೆ ನೋರಾ ಬರೀ ಹುಚ್ಚಿಯಾಗಿದ್ದಳು. ಪುಸ್ತಕದಲ್ಲಿದ್ದ ಹೆಸರು ಅವಳ ಮನೆ ಬಾಗಿಲಿಗೆ ಬರಲೇ ಇಲ್ಲ.

ಧೂಳು, ಗುಳೆ, ಗಿಟಾರ್

1929ರಲ್ಲಿ ವುಡಿ ಟೆಕ್ಸಾಸ್‌ನ ಪ್ಯಾಂಪ ಎಂಬ ಊರಿಗೆ, ಅಪ್ಪನಿದ್ದಲ್ಲಿಗೆ ಹೋದ. ಸೈನ್‌ಬೋರ್ಡ್ ಬರೆದ, ಗಿಟಾರ್ ಕಲಿತ, ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ. 1933ರಲ್ಲಿ ಮೇರಿ ಜೆನಿಂಗ್ಸ್ ಎಂಬಾಕೆಯನ್ನು ಮದುವೆಯಾದ. ಗ್ವೆನ್, ಸೂ, ಬಿಲ್ ಎಂಬ ಮೂರು ಮಕ್ಕಳಾದರು.

ಅದು ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲ. ಮೇಲಿಂದ ಬರ. ಉಳುಮೆಯಿಂದ ಸಡಿಲವಾಗಿದ್ದ ಮಣ್ಣು ಗಾಳಿಗೆ ಎದ್ದು ಊರೂರನ್ನೇ ಮುಚ್ಚುತ್ತಿತ್ತು. 1935ರ ಏಪ್ರಿಲ್ 14ರ ಭಾನುವಾರ ಬಂದ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಅದನ್ನು ಇಂದಿಗೂ ಕಪ್ಪು ಭಾನುವಾರ ಎನ್ನುತ್ತಾರೆ. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ತೋಟಗಳ ಕಡೆ ಗುಳೆ ಹೊರಟರು. ಗುಳೆ ಎಂದರೆ ಏನೆಂದು ನಮ್ಮ ಉತ್ತರ ಕರ್ನಾಟಕದ ಗೆಳೆಯರಿಗೆ ನಾನು ಹೇಳಬೇಕಾಗಿಲ್ಲ.

ವುಡಿಯೂ ಆ ದಾರಿ ಹಿಡಿದ. 1937ರಲ್ಲಿ ಲಾಸ್ ಏಂಜಲೀಸ್‌ನ ರೇಡಿಯೊ ಕೇಂದ್ರವೊಂದರಲ್ಲಿ ಹಾಡುವ ಅವಕಾಶ ಸಿಕ್ಕಿತು. ಗುಳೆ ಬಂದವರ ಕಷ್ಟವನ್ನು ಅವರದೇ ಮಾತಿನಲ್ಲಿ ಹಾಡಿದ. 1940ರಲ್ಲಿ ನ್ಯೂಯಾರ್ಕ್‌ಗೆ ಬಂದ. ಆ ಫೆಬ್ರವರಿ 23ರಂದು ಬರೆದ ಹಾಡೇ ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್. ರೇಡಿಯೊದಲ್ಲಿ ಸದಾ ಮೊಳಗುತ್ತಿದ್ದ ಒಂದು ದೇಶಭಕ್ತಿ ಗೀತೆ ಕೇಳಿ ಕೇಳಿ ಬೇಸತ್ತು, ಹಸಿದವರಿಗೂ ಈ ನೆಲದಲ್ಲಿ ಪಾಲಿದೆ ಎಂದು ಕೊಟ್ಟ ಉತ್ತರ ಅದು. ಇಂದು ಅಮೆರಿಕದ ಶಾಲೆ ಮಕ್ಕಳಿಗೂ ಆ ಹಾಡು ಗೊತ್ತು.

ಅವನ ಕೆಲಸದ ವೇಗ ನೋಡಿದರೆ ನಮಗೆ ನಾಚಿಕೆಯಾಗಬೇಕು. 1941ರಲ್ಲಿ ಕೊಲಂಬಿಯಾ ನದಿಯ ಅಣೆಕಟ್ಟುಗಳ ವಿದ್ಯುತ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯೊಂದು ಅವನಿಗೆ ಒಂದು ತಿಂಗಳ ಕೆಲಸ ಕೊಟ್ಟಿತು. ಸಂಬಳ ಸುಮಾರು 266 ಡಾಲರ್. ಆ ಒಂದು ತಿಂಗಳಲ್ಲಿ 26 ಹಾಡು ಬರೆದ! 1943ರಲ್ಲಿ ಬೌಂಡ್ ಫಾರ್ ಗ್ಲೋರಿ ಎಂಬ ಆತ್ಮಕಥೆ ಪ್ರಕಟವಾಯಿತು. ಒಟ್ಟು ಲೆಕ್ಕ ಹಾಕಿದರೆ ಅವನು ಬರೆದಿಟ್ಟ ಹಾಡುಗಳು ಸುಮಾರು 3,000. ಈ ಲೆಕ್ಕವನ್ನು ನೆನಪಿನಲ್ಲಿಡಿ. ಮುಂದೆ ಏನು ಹೋಯಿತು ಎಂದು ಅರ್ಥವಾಗಬೇಕಾದರೆ ಮೊದಲು ಏನಿತ್ತು ಎಂದು ಗೊತ್ತಿರಬೇಕು.

ಹಾಗೆಂದು ವುಡಿ ಆದರ್ಶ ಪುರುಷನೇನಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಊರೂರು ಅಲೆದ. ಕುಡಿಯುತ್ತಿದ್ದ. ಮೊದಲ ಮದುವೆ ಮುರಿಯಿತು. 1945ರಲ್ಲಿ ಮಾರ್ಜರಿ ಮಾಜಿಯಾಳನ್ನು ಮದುವೆಯಾದ. ಆಕೆ ಮಾರ್ಥಾ ಗ್ರಹಾಂ ಅವರ ಹೆಸರಾಂತ ನೃತ್ಯ ತಂಡದ ಕಲಾವಿದೆ. ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ ಸಂಸಾರ. ಮುದ್ದಿನ ಮಗಳು ಕ್ಯಾತಿಗಾಗಿ ವುಡಿ ಮಕ್ಕಳ ಹಾಡು ಕಟ್ಟಿದ. 1947ರಲ್ಲಿ, ನಾಲ್ಕು ತುಂಬಿದ್ದ ಆ ಮಗುವನ್ನು ಮನೆಯಲ್ಲಿ ಹೊತ್ತಿಕೊಂಡ ಬೆಂಕಿ ಬಲಿ ತೆಗೆದುಕೊಂಡಿತು. ಅಕ್ಕ, ಅಪ್ಪ, ಈಗ ಮಗಳು. ಆಮೇಲೆ ಆರ್ಲೋ, ಜೋಡಿ, ನೋರಾ ಹುಟ್ಟಿದರು. ಕೊನೆಯ ಮಗಳಿಗೆ ಅಜ್ಜಿಯ ಹೆಸರು.

ಹಾಡು ತಪ್ಪತೊಡಗಿತು

1948ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಗಾಟೋಸ್ ಎಂಬಲ್ಲಿ ಒಂದು ವಿಮಾನ ಬಿತ್ತು. ಸತ್ತವರು 32 ಜನ. ಅದರಲ್ಲಿ 28 ಮಂದಿ ಮೆಕ್ಸಿಕೊಗೆ ವಾಪಸ್ ಕಳುಹಿಸಲಾಗುತ್ತಿದ್ದ ಕೃಷಿ ಕೂಲಿಗಳು. ಸುದ್ದಿಯಲ್ಲಿ ವಿಮಾನ ಸಿಬ್ಬಂದಿಯ ಹೆಸರು ಬಂತು, ಕೂಲಿಗಳು ಬರೀ ಗಡೀಪಾರಾದವರು ಎಂದಾದರು. ವುಡಿ ಸಿಟ್ಟಿಗೆದ್ದ. ಅವರಿಗೂ ಒಂದೊಂದು ಹೆಸರಿತ್ತಲ್ಲ ಎಂದು ಡಿಪೋರ್ಟೀ ಎಂಬ ಕವಿತೆ ಬರೆದ. ಅದಕ್ಕೆ ರಾಗ ಕೂಡಿಸಿದ್ದು ಮುಂದೆ ಬೇರೊಬ್ಬರು. ವುಡಿಯ ಕೊನೆಯ ದೊಡ್ಡ ಹಾಡುಗಳಲ್ಲಿ ಅದೂ ಒಂದು.

ಯಾಕೆಂದರೆ ಅಷ್ಟು ಹೊತ್ತಿಗೆ ಅವನೊಳಗೆ ಏನೋ ಶುರುವಾಗಿತ್ತು. ಮೊದಲು ಕೆಟ್ಟದ್ದು ನಡಿಗೆಯಲ್ಲ, ನಡವಳಿಕೆ. ಕಾರಣವಿಲ್ಲದ ಕೋಪ. ಬರೆಯಬಾರದಂಥ ಪತ್ರ ಬರೆದು 1949ರಲ್ಲಿ ಸ್ವಲ್ಪ ಕಾಲ ಜೈಲಿಗೂ ಹೋದ. ಹಿಡಿದ ಕೆಲಸ ಮುಗಿಸಲಾಗುತ್ತಿರಲಿಲ್ಲ. ವೇದಿಕೆಯಲ್ಲಿ ತನ್ನದೇ ಹಾಡಿನ ಸಾಲು ಮರೆಯುತ್ತಿದ್ದ. ನಡಿಗೆ ವಾಲತೊಡಗಿತು. ಎಲ್ಲರಿಗೂ ಸುಲಭದ ಉತ್ತರ ಕೈಯಲ್ಲೇ ಇತ್ತು: ಕುಡಿತ. ಆಸ್ಪತ್ರೆಗಳು ಒಮ್ಮೆ ಮದ್ಯವ್ಯಸನ ಎಂದವು, ಇನ್ನೊಮ್ಮೆ ಸ್ಕಿಜೋಫ್ರೇನಿಯಾ ಎಂದವು.

1952ರಲ್ಲಿ ಮಾರ್ಜರಿಯ ಮೇಲೆ ಕೈ ಮಾಡುವ ಮಟ್ಟಕ್ಕೆ ಬಂದ ಮೇಲೆ ಅವನು ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಕೊನೆಗೆ ಬ್ರೂಕ್ಲಿನ್ ಸ್ಟೇಟ್ ಆಸ್ಪತ್ರೆಯಲ್ಲಿ ಸರಿಯಾದ ಹೆಸರು ಸಿಕ್ಕಿತು. ಹಂಟಿಂಗ್ಟನ್. ಅಮ್ಮನಿಗೆ ಇದ್ದದ್ದೂ ಅದೇ. ಆಗ ವುಡಿಗೆ ನಲವತ್ತು.

ಈ ಭಾಗ ಓದುವಾಗ ನನಗೆ ಮಾವನ ಕತ್ತರಿ ನೆನಪಾಯಿತು. ಅಳತೆಗಿಂತ ಮೊದಲೇ ಬಟ್ಟೆಗೆ ಬೀಳುತ್ತಿದ್ದ ಕತ್ತರಿ. ಅದು ಮರೆಗುಳಿತನ ಆಗಿರಲಿಲ್ಲ, ಸೋಮಾರಿತನವೂ ಅಲ್ಲ. ಮಿದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗವಿದೆ. ಯಾವ ಚಲನೆ ಬೇಕು, ಯಾವುದು ಬೇಡ ಎಂದು ಆರಿಸಲು ನೆರವಾಗುವುದು ಅದು. ಹಣೆಯ ಹಿಂದಿರುವ ಮಿದುಳಿನ ಮುಂಭಾಗದೊಂದಿಗೂ ಅದಕ್ಕೆ ಸಂಪರ್ಕವಿದೆ. ಯೋಜನೆ, ಸಂಯಮ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಇವೆಲ್ಲ ಆ ಮುಂಭಾಗದ ಜವಾಬ್ದಾರಿ. ಹಂಟಿಂಗ್ಟನ್‌ನಲ್ಲಿ ಮುಖ್ಯವಾಗಿ ಸಾಯುವುದು ಸ್ಟ್ರಯೇಟಮ್‌ನ ನರಕೋಶಗಳು. ಹಾಗಾಗಿ ಬೇಡದ ಚಲನೆ ನುಗ್ಗುವಂತೆ ಬೇಡದ ಮಾತು, ಬೇಡದ ಸಿಟ್ಟು ಕೂಡ ನುಗ್ಗುತ್ತವೆ. ಎಷ್ಟೋ ಜನರಲ್ಲಿ ಮೈ ಕುಣಿಯುವುದಕ್ಕೆ ವರ್ಷಗಳ ಮೊದಲೇ ಯೋಚನೆ ನಿಧಾನವಾಗಿರುತ್ತದೆ. ಇನ್ನೂ ಕ್ರೂರವಾದ ಸಂಗತಿಯೆಂದರೆ, ತನ್ನಲ್ಲಿ ಆಗುತ್ತಿರುವ ಬದಲಾವಣೆ ಹಲವು ಸಲ ರೋಗಿಗೇ ಗೊತ್ತಾಗುವುದಿಲ್ಲ. ನೀನು ಬದಲಾಗಿದ್ದೀಯ ಎಂದರೆ ಅವರಿಗೆ ಅದು ಸುಳ್ಳು ಆರೋಪದಂತೆ ಕೇಳಿಸುತ್ತದೆ.

ಮನೆಯವರು ಇದನ್ನು ಮರೆವಿನ ಕಾಯಿಲೆ ಎಂದುಕೊಳ್ಳುವುದೂ ಇದೆ. ಆದರೆ ಅಲ್ಝೈಮರ್‌ನಲ್ಲಿ ಹೊಸ ನೆನಪು ಒಳಗೆ ನಿಲ್ಲುವುದೇ ಕಷ್ಟ. ಹಂಟಿಂಗ್ಟನ್‌ನಲ್ಲಿ ನೆನಪು ಹೆಚ್ಚಾಗಿ ಒಳಗೇ ಇರುತ್ತದೆ, ಅದನ್ನು ಹುಡುಕಿ ಹೊರತೆಗೆಯುವುದು ಕಷ್ಟ. ಸುಳಿವು ಕೊಟ್ಟರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ಪಲ್ಲವಿ ಹೆಚ್ಚಾದರೆ

ತಾಯಿಯಿಂದ ವುಡಿಗೆ ಇಳಿದದ್ದಾದರೂ ಏನು? ಒಂದು ಹಾಡು ಎಂದುಕೊಳ್ಳಿ. ನಮ್ಮೆಲ್ಲರ ನಾಲ್ಕನೇ ವರ್ಣತಂತುವಿನಲ್ಲಿ ಹಂಟಿಂಗ್ಟಿನ್ ಎಂಬ ಪ್ರೋಟೀನ್ ತಯಾರಿಸುವ ಜೀನ್ ಇದೆ. ಹೌದು, ಎಲ್ಲರಲ್ಲೂ ಇದೆ. ಅದರ ಆರಂಭದಲ್ಲಿ ಸಿ, ಎ, ಜಿ ಎಂಬ ಮೂರು ರಾಸಾಯನಿಕ ಅಕ್ಷರಗಳು ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತವೆ. 26 ಸಲದವರೆಗೆ ಬಂದರೆ ಸಹಜ. 27ರಿಂದ 35 ಇದ್ದರೆ ಆ ವ್ಯಕ್ತಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಆದರೆ ಮುಂದಿನ ತಲೆಮಾರಿನಲ್ಲಿ ಸಂಖ್ಯೆ ಹಿಗ್ಗಬಹುದು. 36ರಿಂದ 39 ಇದ್ದರೆ ಬರಲೂಬಹುದು, ಬರದೆಯೂ ಇರಬಹುದು. 40 ದಾಟಿದರೆ, ಸಾಮಾನ್ಯ ಆಯಸ್ಸು ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತದೆ. ಪಲ್ಲವಿ ಉದ್ದವಾದಷ್ಟೂ ಕಾಯಿಲೆ ಬೇಗ ಶುರುವಾಗುವ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ನಡುವೆ ಅದು ತಲೆ ಎತ್ತುತ್ತದೆ.

ಪ್ರತಿ ಜೀನ್‌ಗೂ ಎರಡು ಪ್ರತಿ, ಒಂದು ಅಪ್ಪನದು, ಒಂದು ಅಮ್ಮನದು. ಕೆಟ್ಟ ಪ್ರತಿ ಒಂದೇ ಇದ್ದರೂ ಸಾಕು, ಕಾಯಿಲೆ ಬರುತ್ತದೆ. ಹಾಗಾಗಿ ಕಾಯಿಲೆ ಇರುವವರ ಪ್ರತಿ ಮಗುವಿಗೂ ಅದು ಇಳಿಯುವ ಸಾಧ್ಯತೆ ಶೇ 50. ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ನಾಣ್ಯ ಹೊಸದಾಗಿಯೇ ಚಿಮ್ಮುತ್ತದೆ. ಅಣ್ಣನಿಗೆ ಬಂತು ಎಂದು ತಂಗಿಗೆ ರಿಯಾಯಿತಿ ಇಲ್ಲ, ಶಿಕ್ಷೆಯೂ ಇಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೈ ನಡುಗುವ ಅಜ್ಜನನ್ನು ನೋಡಿ ಯಾರೂ ಗಾಬರಿಯಾಗಬೇಡಿ. ಪಾರ್ಕಿನ್ಸನ್ ಕೂಡ ಚಲನೆಯ ಕಾಯಿಲೆಯೇ, ಅದರಲ್ಲೂ ವರ್ಷ ಕಳೆದಂತೆ ಹಲವರಿಗೆ ಬುದ್ಧಿ ಮಂಕಾಗುತ್ತದೆ. ಆದರೆ ಅದು ಬಹುಪಾಲು ಜನರಲ್ಲಿ ಹೀಗೆ ನೇರವಾಗಿ ವಂಶದಿಂದ ಇಳಿಯುವುದಿಲ್ಲ. ಜಿಬಿಎ1ನಂಥ ಕೆಲವು ಜೀನ್‌ಗಳ ಬದಲಾವಣೆ ಅಪಾಯವನ್ನು ಹೆಚ್ಚಿಸುತ್ತದೆ ಅಷ್ಟೇ. ಒಂದೇ ಜೀನ್ ಹೀಗೆ ಮೈ, ಮನಸ್ಸು ಎರಡನ್ನೂ ಕಟ್ಟಿಹಾಕುವುದು ಹಂಟಿಂಗ್ಟನ್‌ನ ವೈಖರಿ.

ಹೌದು, ಇಲ್ಲ – ಎರಡೇ ಕಾರ್ಡು

ಕಾಯಿಲೆಯ ಹೆಸರು ಸಿಕ್ಕ ಮೇಲೂ ವುಡಿ ಕೆಲವು ಕಾಲ ಅಲೆದ. ಮಾರ್ಜರಿಯಿಂದ ವಿಚ್ಛೇದನವಾಯಿತು, ಮೂರನೇ ಮದುವೆಯೂ ಆಯಿತು. ಅದೂ ನಿಲ್ಲಲಿಲ್ಲ. ಫ್ಲಾರಿಡಾದಲ್ಲಿದ್ದಾಗ ಬೆಂಕಿ ಅವನನ್ನೂ ಹುಡುಕಿಕೊಂಡು ಬಂತು. ತೋಳು ಸುಟ್ಟು, ಮೊದಲಿನಂತೆ ಗಿಟಾರ್ ನುಡಿಸಲಾಗದೆ ಹೋಯಿತು. 1956ರಲ್ಲಿ ನ್ಯೂಜೆರ್ಸಿಯ ಗ್ರೇಸ್ಟೋನ್ ಪಾರ್ಕ್ ಮಾನಸಿಕ ಆಸ್ಪತ್ರೆ ಸೇರಿದ. ತಾನು ಸಾವಿರಾರು ಹಾಡು ಬರೆದವನು, ಪುಸ್ತಕ ಬರೆದವನು ಎಂದು ಹೇಳಿಕೊಂಡಾಗ ಅಲ್ಲಿನವರು ಅದನ್ನೂ ಭ್ರಮೆಯ ಲಕ್ಷಣ ಎಂದೇ ತಿಳಿದಿದ್ದರಂತೆ. ಅವನ ಬದುಕಿನ ಬಗ್ಗೆ ಬರೆದವರು ಈ ಪ್ರಸಂಗ ಹೇಳುತ್ತಾರೆ. ನಿಜ ಹೇಳಿದರೂ ರೋಗಿಯ ಮಾತು ಎಷ್ಟು ಅಗ್ಗ ನೋಡಿ.

1961ರ ಜನವರಿಯಲ್ಲಿ 19ರ ಹರೆಯದ ಹುಡುಗನೊಬ್ಬ ಚಳಿಯಲ್ಲಿ ನ್ಯೂಯಾರ್ಕ್‌ಗೆ ಬಂದಿಳಿದ. ಬಂದ ಮುಖ್ಯ ಉದ್ದೇಶವೇ ವುಡಿಯನ್ನು ನೋಡುವುದು. ಆ ಹುಡುಗನೇ ಬಾಬ್ ಡಿಲನ್. ಮಾತು ತೊದಲುವ, ಮೈ ನಿಲ್ಲದ ವುಡಿಯ ಮುಂದೆ ಕುಳಿತು ಅವನದೇ ಹಾಡುಗಳನ್ನು ಅವನಿಗೆ ಹಾಡಿದ. ವಾರಾಂತ್ಯದಲ್ಲಿ ಅಭಿಮಾನಿ ದಂಪತಿಯೊಬ್ಬರು ವುಡಿಯನ್ನು ತಮ್ಮ ಮನೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಯುವ ಗಾಯಕರು ಸೇರುತ್ತಿದ್ದರು. ಹಾಡಿದವರು ಅವರು, ಹಾಡು ಅವನದು.

ಕಾಯಿಲೆ ಇನ್ನೂ ಮುಂದುವರಿದು ಮಾತು ಪೂರ್ತಿ ನಿಂತಿತು. ವಿಚ್ಛೇದನವಾಗಿದ್ದರೂ ಮಾರ್ಜರಿ ಅವನನ್ನು ನೋಡಿಕೊಳ್ಳುವುದು ನಿಲ್ಲಿಸಲಿಲ್ಲ. ಹೌದು ಎಂದು ಒಂದು, ಇಲ್ಲ ಎಂದು ಒಂದು, ಎರಡು ಕಾರ್ಡ್ ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ವುಡಿ ಅದರ ಮೂಲಕವೇ ಉತ್ತರಿಸುತ್ತಿದ್ದ. ಮೂರು ಸಾವಿರ ಹಾಡು ಬರೆದವನಿಗೆ ಕೊನೆಗೆ ಉಳಿದದ್ದು ಎರಡು ಪದ. ಆದರೆ ಆ ಎರಡು ಪದಗಳ ಹಿಂದೆ ಕೇಳುವ, ಗುರುತಿಸುವ, ಆರಿಸುವ ಒಬ್ಬ ಮನುಷ್ಯ ಇನ್ನೂ ಇದ್ದ. 1967ರ ಅಕ್ಟೋಬರ್ 3ರಂದು ನ್ಯೂಯಾರ್ಕ್‌ನ ಕ್ರೀಡ್‌ಮೋರ್ ಆಸ್ಪತ್ರೆಯಲ್ಲಿ ವುಡಿ ತೀರಿಕೊಂಡ. ವಯಸ್ಸು 55.

ಮಾರ್ಜರಿ ಸುಮ್ಮನೆ ಕೂರಲಿಲ್ಲ

ಅದೇ ವರ್ಷ ಮಾರ್ಜರಿ ಬೆರಳೆಣಿಕೆಯ ಕುಟುಂಬಗಳನ್ನು ಸೇರಿಸಿ ಹಂಟಿಂಗ್ಟನ್ ವಿರುದ್ಧ ಒಂದು ಸಮಿತಿ ಕಟ್ಟಿದಳು. ಮುಂದೆ ಅದೇ ಅಮೆರಿಕದ ಹಂಟಿಂಗ್ಟನ್ ಡಿಸೀಸ್ ಸೊಸೈಟಿಯಾಗಿ ಬೆಳೆಯಿತು. ಮನೆಯೊಳಗೆ ಬಚ್ಚಿಟ್ಟಿದ್ದ ರೋಗಿಗಳನ್ನು ಹೊರಗೆ ಕರೆತಂದಳು, ವಿಜ್ಞಾನಿಗಳ ಬಾಗಿಲು ತಟ್ಟಿದಳು, ಸರ್ಕಾರದ ಕಿವಿ ಹಿಂಡಿದಳು. ಆಕೆಯಿಂದ ಪ್ರೇರಣೆ ಪಡೆದವರಲ್ಲಿ ಮಿಲ್ಟನ್ ವೆಕ್ಸ್ಲರ್ ಒಬ್ಬರು. ಅವರ ಮಾಜಿ ಪತ್ನಿಗೂ ಇದೇ ಕಾಯಿಲೆ. ಅವರ ಮಗಳು ನ್ಯಾನ್ಸಿ ವೆಕ್ಸ್ಲರ್ ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯಲ್ಲಿ ಈ ಕಾಯಿಲೆ ಹೆಚ್ಚಾಗಿದ್ದ ಹಳ್ಳಿಗಳಿಗೆ ವರ್ಷ ವರ್ಷ ಹೋಗಿ ವಂಶವೃಕ್ಷ ಬರೆದರು, ರಕ್ತದ ಮಾದರಿ ತಂದರು. 1983ರಲ್ಲಿ ಕಾಯಿಲೆಯ ಜೀನ್ ನಾಲ್ಕನೇ ವರ್ಣತಂತುವಿನಲ್ಲಿದೆ ಎಂಬ ಸುಳಿವು ಸಿಕ್ಕಿತು. 1993ರಲ್ಲಿ ಜೀನೇ ಸಿಕ್ಕಿತು. ಅದರ ಬೆನ್ನಿಗೇ ನಿಖರವಾದ ರಕ್ತಪರೀಕ್ಷೆಯೂ ಬಂತು. ಮಾರ್ಜರಿ ತೀರಿಕೊಂಡದ್ದು 1983ರ ಮಾರ್ಚ್‌ನಲ್ಲಿ, ಮೊದಲ ಸುಳಿವು ಪ್ರಕಟವಾಗುವ ಕೆಲವೇ ತಿಂಗಳ ಮೊದಲು. ಬಿತ್ತಿದವಳಿಗೆ ಬೆಳೆ ನೋಡಲು ಸಿಗಲಿಲ್ಲ.

ನ್ಯಾನ್ಸಿಯ ಕಥೆ ಇನ್ನೂ ಇದೆ. ಜೀನ್ ಹುಡುಕಲು ಅಷ್ಟು ದುಡಿದ ಆಕೆ, ತನಗೂ ಆ ಕಾಯಿಲೆ ಇದೆ ಎಂದು 2020ರಲ್ಲಿ ಬಹಿರಂಗವಾಗಿ ಹೇಳಿದರು.

ವುಡಿಯ ಮಕ್ಕಳು? ಮೊದಲ ಮದುವೆಯ ಹೆಣ್ಣುಮಕ್ಕಳಾದ ಗ್ವೆನ್, ಸೂ ಇಬ್ಬರೂ ಇದೇ ಕಾಯಿಲೆಯಿಂದ ತೀರಿಕೊಂಡರು. ಇಬ್ಬರಿಗೂ ಆಗ 41 ವರ್ಷ. ಬಿಲ್ 23ಕ್ಕೇ ಅಪಘಾತದಲ್ಲಿ ಹೋದ. ಮಾರ್ಜರಿಯ ಮೂವರು ಮಕ್ಕಳಿಗೆ ಕಾಯಿಲೆ ಬರಲಿಲ್ಲ. ಆರ್ಲೋ ದೊಡ್ಡ ಗಾಯಕನಾದ. ಪರೀಕ್ಷೆಯೇ ಇರದಿದ್ದ ಕಾಲದಲ್ಲಿ, ನಾಣ್ಯ ಯಾವ ಕಡೆ ಬಿದ್ದಿದೆ ಎಂದು ತಿಳಿಯದೆಯೇ ಮದುವೆಯಾದ, ನಾಲ್ಕು ಮಕ್ಕಳ ತಂದೆಯಾದ, ಎಪ್ಪತ್ತು ದಾಟಿದ. ಕಿರಿಯ ಮಗಳು ನೋರಾ ಅಪ್ಪ ಬರೆದಿಟ್ಟ ಕಾಗದಗಳನ್ನೆಲ್ಲ ಜೋಪಾನ ಮಾಡಿ, ರಾಗವಿಲ್ಲದೆ ಉಳಿದಿದ್ದ ಅವನ ಹಾಡುಗಳನ್ನು ಹೊಸಬರಿಂದ ಹಾಡಿಸಿದಳು.

ನಮ್ಮ ಮನೆಗೆ ಬಂದರೆ

ಈ ಲೆಕ್ಕ ನಮ್ಮ ಮನೆಗೂ ಅನ್ವಯಿಸುತ್ತದೆ. ಅಜ್ಜಿಗೆ ದೆವ್ವ ಹಿಡಿದಿತ್ತು ಎಂದು ಹೇಳುತ್ತಿದ್ದರು. ಈಗ ಗೊತ್ತು, ಅದು ದೆವ್ವವಲ್ಲ. ಅಜ್ಜಿಯಿಂದ ಮಾವನಿಗೆ ಬಂತು. ಅಮ್ಮನಿಗೆ ಐವತ್ತೆರಡು, ಇದುವರೆಗೆ ಯಾವ ಲಕ್ಷಣವೂ ಇಲ್ಲ. ಪರೀಕ್ಷೆ ಮಾಡಿಸುವುದಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಾಳೆ. ಮೊದಲು ನನಗೆ ಸಿಟ್ಟು ಬಂದಿತ್ತು. ಈಗ ಇಲ್ಲ. ತಿಳಿಯುವ ಹಕ್ಕಿನಂತೆಯೇ ತಿಳಿಯದಿರುವ ಹಕ್ಕೂ ಇದೆ. ಲಕ್ಷಣವಿಲ್ಲದವರಿಗೆ ಪರೀಕ್ಷೆಗೂ ಮೊದಲು ಆಪ್ತ ಸಲಹೆ ಕೊಡುವುದು ಅದಕ್ಕಾಗಿಯೇ. ಹದಿನೆಂಟು ತುಂಬದ, ಲಕ್ಷಣವಿಲ್ಲದ ಮಕ್ಕಳಿಗೆ ಈ ಪರೀಕ್ಷೆ ಮಾಡುವುದಿಲ್ಲ. ಹತ್ತನೇ ಕ್ಲಾಸಿನಲ್ಲಿರುವ ಮಾವನ ಮಗನಿಗೂ ತೀರ್ಮಾನ ಮಾಡಲು ಅವನದೇ ಸಮಯ ಬರುತ್ತದೆ. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್‌ನಂಥ ಕಡೆ ಪರೀಕ್ಷೆ, ಸಲಹೆ ಎರಡೂ ಸಿಗುತ್ತವೆ.

ನನ್ನ ವಿಷಯ? ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿದೆ. ಫೈಲನ್ನು ಬೀರುವಿನಲ್ಲೇ ಇಟ್ಟು ಮದುವೆ ಮಾಡಿಬಿಡೋಣ ಎನ್ನುವ ನೆಂಟರೂ ಇದ್ದಾರೆ. ನಾನು ಪರೀಕ್ಷೆಯ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ. ನನ್ನ ಉತ್ತರ ಬೇಡವಾದದ್ದಾದರೆ ಅದು ಅಮ್ಮನ ಉತ್ತರವೂ ಆಗಿಬಿಡುತ್ತದೆ. ಅವಳು ತಿಳಿಯಲು ಬಯಸದ್ದನ್ನು ನಾನು ತಿಳಿಸಿದಂತಾಗುತ್ತದೆ. ಆದರೆ ಒಂದನ್ನು ತೀರ್ಮಾನಿಸಿದ್ದೇನೆ. ಬರುವ ಹುಡುಗ ಯಾರೇ ಆಗಲಿ, ಈ ಪುಟವನ್ನು ಮೊದಲು ಅವನ ಕೈಗೆ ಕೊಡುತ್ತೇನೆ. ಮುಚ್ಚಿಟ್ಟದ್ದರಿಂದ ಓಕೀಮಾದಲ್ಲೂ ಯಾರಿಗೂ ಒಳ್ಳೆಯದಾಗಲಿಲ್ಲ, ನಮ್ಮೂರಲ್ಲೂ ಆಗಲಿಲ್ಲ.

ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಮೈ ಕುಣಿತ ತಗ್ಗಿಸುವ, ಖಿನ್ನತೆ ಕಡಿಮೆ ಮಾಡುವ ಮಾತ್ರೆಗಳಿವೆ. ಜೀನ್ ಮಟ್ಟದಲ್ಲೇ ಅದನ್ನು ತಡೆಯುವ ಪ್ರಯೋಗಗಳು ನಡೆಯುತ್ತಿವೆ. ಅಲ್ಲಿಯವರೆಗೆ ಮಾರ್ಜರಿಯ ಎರಡು ಕಾರ್ಡಿನ ಪಾಠ ನಮಗಿದೆ. ಮಾವನಿಗೆ ಈಗ ಏನು ತಿಂಡಿ ಬೇಕು ಎಂದು ಕೇಳುವುದಿಲ್ಲ. ಇಡ್ಲಿ ಬೇಕಾ, ಉಪ್ಪಿಟ್ಟು ಬೇಕಾ ಎಂದು ಕೇಳುತ್ತೇನೆ, ಆಮೇಲೆ ಕಾಯುತ್ತೇನೆ. ಒಂದು ನಿಮಿಷ ಆಗಬಹುದು, ಎರಡು ಆಗಬಹುದು. ಉತ್ತರ ಬರುತ್ತದೆ. ಉತ್ತರ ಹೊರಡುವುದು ತಡ, ಅಷ್ಟೇ.

ಕಳೆದ ವಾರ ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಅದೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಇಬ್ಬರು ಹುಡುಗರು ಮಾವನನ್ನು ನೋಡಿ ಬೆಳಗ್ಗೆಯೇ ಏರಿಸಿಕೊಂಡಿದ್ದಾನೆ ಎಂದು ನಕ್ಕರು. ನಾನು ಈ ಸಲ ಮುಖ ತಿರುಗಿಸಲಿಲ್ಲ. ಇವರು ನನ್ನ ಸೋದರಮಾವ, ಇವರಿಗೆ ಹಂಟಿಂಗ್ಟನ್ ಎಂಬ ಕಾಯಿಲೆ ಇದೆ ಎಂದೆ. ಹುಡುಗರು ಪೆಚ್ಚಾದರು. ಬಸ್ ಬಂದಾಗ ಅವರಲ್ಲೊಬ್ಬ ಮಾವನ ಇನ್ನೊಂದು ತೋಳು ಹಿಡಿದು ಹತ್ತಿಸಿದ.